ಕೊನೆಯ ಸಾಲಿಗೂ ಕೇಳಿಸಬೇಕು

ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಬಂದು ಎರಡು ವರ್ಷವಾಯಿತು. 50 ಎಂಬಿಪಿಎಸ್ ಪ್ಲಾನಿಗೆ ಪ್ರತಿ ತಿಂಗಳೂ ತಪ್ಪದೆ ಬಿಲ್ ಕಟ್ಟುತ್ತೇವೆ. ಆದರೆ ಆ 50 ಸಿಗುತ್ತಿದ್ದುದು ಬೀದಿ ಕಡೆಯ ಹಾಲ್‌ನಲ್ಲಿ ಮಾತ್ರ. ಕೇಬಲ್ ಒಳಗೆ ಬರುವುದು ಅಲ್ಲಿಂದ, ಹಾಗಾಗಿ ಕನೆಕ್ಷನ್ ಕೊಡಲು ಬಂದವರು ರೌಟರನ್ನೂ ಅಲ್ಲೇ ಗೋಡೆಗೆ ಹಾಕಿ ಹೋದರು. ಅಬ್ಬಾ ಮತ್ತು ಬಂದ ಅತಿಥಿಗಳು ಕೂರುವ ಜಾಗ ಅದು. ಅಡುಗೆಮನೆ, ದಾದಿಯ ಕೋಣೆ, ಆಪಾಳ ಕೋಣೆ ಎಲ್ಲವೂ ಹಿಂದೆ. ನಡುವೆ ಒಂದೂವರೆ ಅಡಿ ದಪ್ಪದ ಎರಡು ಕಲ್ಲಿನ ಗೋಡೆಗಳು.

ಆಪಾ ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಆಫೀಸಿಗೆ ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುತ್ತಾಳೆ. ದಿನಾ ಬೆಳಿಗ್ಗೆ ವಿಡಿಯೊ ಮೀಟಿಂಗ್ ಇರುತ್ತದೆ. ಮಾತು ಮಧ್ಯೆ ಮಧ್ಯೆ ಕಟ್ಟಾಗುವುದು ಹೆಚ್ಚಾದಾಗ, "ಈ ತಿಂಗಳೊಳಗೆ ಸರಿಮಾಡಿಕೊಳ್ಳಿ, ಇಲ್ಲವಾದರೆ ಕಷ್ಟ" ಎಂದು ಅವರು ಹೇಳಿಬಿಟ್ಟರು. ಆಗ ಅಬ್ಬಾ ನನ್ನನ್ನು ಕರೆದು, "ಕಾಮರ್ಸ್ ಓದುತ್ತೀಯಲ್ಲ, ಏಳು ಸಾವಿರದೊಳಗೆ ಏನು ಮಾಡಬಹುದು, ಲೆಕ್ಕ ಹಾಕಿ ಹೇಳು" ಎಂದರು.

ಅಂಗಡಿಯವರ ಸಲಹೆ, ಆರು ಆಂಟೆನಾ ಇರುವ ದೊಡ್ಡ ರೌಟರ್: 4,200 ರೂಪಾಯಿ. ಗೆಳೆಯರ ಸಲಹೆ, ಎರಡು ಡಬ್ಬಿಗಳ ಮೆಶ್: 6,800 ರೂಪಾಯಿ. ಹಣ ಕೊಡುವ ಮೊದಲು ನಾನು ಫೋನಿಗೆ ಸಿಗ್ನಲ್ ಅಳೆಯುವ ಒಂದು ಆ್ಯಪ್ ಹಾಕಿಕೊಂಡು ಕೋಣೆ ಕೋಣೆ ಸುತ್ತಿದೆ. ಅದರಲ್ಲಿ ಅಂಕಿ ಮೈನಸ್‌ನಲ್ಲಿ ಬರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಅಂದರೆ ಚೆನ್ನಾಗಿದೆ, ಮೈನಸ್ 80 ಅಂದರೆ ನೆಚ್ಚಿಕೊಳ್ಳುವಂತಿಲ್ಲ. ಹಾಲ್‌ನಲ್ಲಿ ಮೈನಸ್ 42, ದಾದಿಯ ಕೋಣೆಯಲ್ಲಿ ಮೈನಸ್ 68, ಆಪಾಳ ಕೋಣೆಯಲ್ಲಿ ಮೈನಸ್ 81 ಬಂತು. ಆಪಾಳಿಗೆ ಸಿಗುತ್ತಿದ್ದ ವೇಗ 2 ಎಂಬಿಪಿಎಸ್.

ಮೊದಲು ಖರ್ಚಿಲ್ಲದ ಕೆಲಸ ಮಾಡಿದೆವು. ಕಬ್ಬಿಣದ ಬೀರುವಿನ ಮರೆಯಲ್ಲಿದ್ದ ರೌಟರನ್ನು ತಂತಿ ಎಟುಕುವಷ್ಟು ದೂರ ಒಳಬಾಗಿಲಿನ ಕಡೆಗೆ ತಂದು ಎತ್ತರದಲ್ಲಿ ಇಟ್ಟೆವು. ಆಪಾಳ ಕೋಣೆಯಲ್ಲಿ ಮೈನಸ್ 75 ಆಯಿತು. ಸುಧಾರಿಸಿತು, ಆದರೆ ಸಾಲದು.

ದೊಡ್ಡ ರೌಟರ್ ತಂದರೆ ಆಗದೇ? ರೌಟರ್ ಎಷ್ಟು ಶಕ್ತಿಯಿಂದ ಸಿಗ್ನಲ್ ಕಳಿಸಬಹುದು ಎಂಬುದಕ್ಕೆ ಸರ್ಕಾರದ ನಿಯಮದ ಮಿತಿ ಇದೆ. ಅದಕ್ಕಿಂತ ಮುಖ್ಯವಾಗಿ, ವೈಫೈ ಎರಡೂ ಕಡೆಯ ಮಾತು. ರೌಟರ್ ಎಷ್ಟೇ ಜೋರಾಗಿ ಕೂಗಿದರೂ ಚಿಕ್ಕ ಫೋನಿನ ಉತ್ತರ ಆ ಗೋಡೆಗಳನ್ನು ದಾಟಿ ವಾಪಸ್ ಬರಬೇಕು. 5 ಗಿಗಾಹರ್ಟ್ಸ್ ಬ್ಯಾಂಡ್ ವೇಗವಾದರೂ ಗೋಡೆಗೆ ಬೇಗ ಸೋಲುತ್ತದೆ. 2.4 ಗಿಗಾಹರ್ಟ್ಸ್ ಹೆಚ್ಚು ದೂರ ಹೋಗುತ್ತದೆ, ಆದರೆ ನಿಧಾನ, ಮತ್ತು ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಅಲ್ಲೇ ಗುಂಪುಗೂಡಿರುತ್ತದೆ.

ಮೆಶ್ ಏನೆಂದು ದಾದಿ ಕೇಳಿದಾಗ ನಾನು ಈದ್ಗಾದ ಉದಾಹರಣೆ ಕೊಟ್ಟೆ. ಮೈಕ್ ಇಲ್ಲದ ದೊಡ್ಡ ಜಮಾತಿನಲ್ಲಿ ಇಮಾಮರ ತಕ್ಬೀರ್ ಹಿಂದಿನ ಸಾಲುಗಳಿಗೆ ಕೇಳುವುದಿಲ್ಲ. ಆಗ ನಡುವಿನ ಸಾಲಿನಲ್ಲಿ ನಿಂತ ಮುಕಬ್ಬಿರ್ ಅದನ್ನೇ ಜೋರಾಗಿ ಮತ್ತೆ ಹೇಳುತ್ತಾರೆ. ಮೆಶ್‌ನ ಎರಡನೇ ಡಬ್ಬಿಯ ಕೆಲಸವೂ ಇದೇ. ದಾದಿ ತಕ್ಷಣ ಕೇಳಿದರು: "ಮುಕಬ್ಬಿರ್‌ಗೇ ಇಮಾಮರ ಧ್ವನಿ ಕೇಳದಿದ್ದರೆ?"

ಮೆಶ್‌ನ ಗುಟ್ಟೆಲ್ಲ ಆ ಪ್ರಶ್ನೆಯಲ್ಲೇ ಇದೆ. ಎರಡನೇ ಡಬ್ಬಿಯನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲಿಟ್ಟರೆ ಅದಕ್ಕೂ ಸಿಗ್ನಲ್ ಸಿಗುವುದಿಲ್ಲ. ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಬೇಕು. ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವ ಡಬ್ಬಿಯಾದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಹಾಗಾದರೆ ಇಮಾಮರಿಂದ ಮುಕಬ್ಬಿರ್‌ವರೆಗೆ ಒಂದು ತಂತಿಯನ್ನೇ ಎಳೆದರೆ? ಆ ತಂತಿಗೆ ಗೋಡೆಯ ದಪ್ಪ ಲೆಕ್ಕಕ್ಕಿಲ್ಲ. ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ತೊಂದರೆಯಿಲ್ಲದೆ ಕೆಲಸ ಮಾಡುತ್ತದೆ, ನಮಗೆ ಬೇಕಾದದ್ದು 25 ಮೀಟರ್. ಲೆಕ್ಕ ಹೀಗಾಯಿತು: ಕ್ಯಾಟ್ 6 ಕೇಬಲ್ 750, ಪೈಪು, ಕ್ಲಿಪ್ಪು ಮತ್ತು ಕೂಲಿ 600, ಆಕ್ಸೆಸ್ ಪಾಯಿಂಟ್ ಆಗಿ ಬಳಸಬಹುದಾದ ಸಾಧಾರಣ ರೌಟರ್ 1,500. ಒಟ್ಟು 2,850 ರೂಪಾಯಿ. ಕಲ್ಲಿನ ಗೋಡೆ ಕೊರೆಯಲು ದಾದಿ ಒಪ್ಪಲಿಲ್ಲ, ಅದು ದಾದಾ ನಿಂತು ಕಟ್ಟಿಸಿದ್ದು. ಆದ್ದರಿಂದ ಕೇಬಲ್ ವೆಂಟಿಲೇಟರ್ ಮೂಲಕ ಹೊರಗೆ ಹೋಗಿ ಅಂಗಳದ ಗೋಡೆಗುಂಟ ಸಾಗಿ ಆಪಾಳ ಕೋಣೆಯ ಕಿಟಕಿಯಲ್ಲಿ ಒಳಗೆ ಬಂತು.

ಇದಕ್ಕೂ ಒಂದು ಕೊರತೆ ಇದೆ. ಎರಡೂ ರೌಟರಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿದ್ದರೂ, ಹಾಲ್‌ನಿಂದ ಹಿಂದೆ ಹೋಗುವಾಗ ಫೋನ್ ಕೆಲವೊಮ್ಮೆ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಮೆಶ್ ಇದನ್ನು ಹೆಚ್ಚು ಸಲೀಸಾಗಿ ನಿಭಾಯಿಸುತ್ತದೆ. ಬಾಡಿಗೆ ಮನೆಯಾಗಿದ್ದು ತಂತಿ ಎಳೆಯಲು ಅನುಮತಿ ಇಲ್ಲದಿದ್ದರೆ ನಾನೂ ಮೆಶ್ ತರಲು ಹೇಳುತ್ತಿದ್ದೆ. ಎರಡು ಕೋಣೆಯ ಚಿಕ್ಕ ಮನೆಯಾದರೆ ನಡುವೆ ಇಟ್ಟ ಒಂದೇ ರೌಟರ್ ಸಾಕು.

ಈಗ ಆಪಾಳ ಕೋಣೆಯಲ್ಲಿ 44 ಎಂಬಿಪಿಎಸ್ ಬರುತ್ತದೆ, ಅವಳ ಕೆಲಸ ಉಳಿದಿದೆ. ನನಗೆ ಹೆಚ್ಚು ಅಚ್ಚರಿಯಾದದ್ದು ದಾದಿಯ ವಿಷಯ. ದಮ್ಮಾಮ್‌ನಲ್ಲಿರುವ ಚಾಚಾ ಜೊತೆ ಮಾತಾಡಲು ಅವರು ಹಾಲ್‌ಗೆ ಬರುತ್ತಿದ್ದರು, ಅತಿಥಿಗಳಿದ್ದರೆ ಸುಮ್ಮನೆ ಒಳಗೆ ಹೋಗುತ್ತಿದ್ದರು. ನೆಟ್ ಸರಿಯಿಲ್ಲ ಎಂದು ಒಂದು ದಿನವೂ ಹೇಳಿದವರಲ್ಲ. ಈಗ ತಮ್ಮ ಮಂಚದ ಮೇಲೆಯೇ ಕೂತು ಅರ್ಧ ಗಂಟೆ ಮಾತಾಡುತ್ತಾರೆ.

ಸ್ನೇಹಿತರೇ, ನಿಮ್ಮ ಮನೆಯಲ್ಲಿ ಸಿಗ್ನಲ್ ಅಳೆಯುವುದಾದರೆ ಹಾಲ್‌ನಲ್ಲಿ ನಿಂತು ಅಳೆಯಬೇಡಿ. ಎಲ್ಲರಿಗಿಂತ ಕಡಿಮೆ ದೂರು ಹೇಳುವವರು ಯಾರೋ ಅವರ ಕೋಣೆಯಿಂದ ಶುರುಮಾಡಿ.