ತನ್ನ ಹೆಗಲನ್ನು ತಾನೇ ಏರುವ ಯಂತ್ರ

ಎಷ್ಟೇ ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂಬುದು ನಮ್ಮ ಶಾಸ್ತ್ರಕಾರರು ಮತ್ತೆ ಮತ್ತೆ ಕೊಡುವ ದೃಷ್ಟಾಂತ. ಗಣಕಯಂತ್ರವನ್ನು ಚಾಲನೆಗೆ ತರುವುದಕ್ಕೆ ‘ಬೂಟ್’ ಎಂಬ ಹೆಸರು ಬಂದುದೂ ಇಂಥದೇ ಕಲ್ಪನೆಯಿಂದ. ಕಾಲಿಗೆ ತೊಟ್ಟ ಬೂಟಿನ ಪಟ್ಟಿಯನ್ನು ಹಿಡಿದೆಳೆದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸವನ್ನು ಹೇಳುವ ನುಡಿಗಟ್ಟೊಂದು ಇಂಗ್ಲಿಷಿನಲ್ಲುಂಟು. ಯಂತ್ರವು ಆ ಅಸಾಧ್ಯವನ್ನೇ ದಿನವೂ ಮಾಡಿ ತೋರಿಸುವಂತೆ ಕಾಣುವುದರಿಂದ ಆ ಹೆಸರು ಅದಕ್ಕೆ ಅಂಟಿಕೊಂಡಿತು.

ವಿಷಯವನ್ನು ತರ್ಕದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಅನ್ಯೋನ್ಯಾಶ್ರಯ ದೋಷ. ಹಾರ್ಡ್ ಡಿಸ್ಕಿನಲ್ಲಿರುವುದನ್ನು ಓದಬೇಕಾದರೆ ಓದುವ ವಿಧಾನವನ್ನು ತಿಳಿಸುವ ಲಿಪಿಯೊಂದು ಬೇಕು. ಆ ಲಿಪಿಯಾದರೋ ಹಾರ್ಡ್ ಡಿಸ್ಕಿನಲ್ಲಿಯೇ ಇದೆ. ಒಂದಿಲ್ಲದೆ ಇನ್ನೊಂದು ದೊರೆಯದು. 1981ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನ ಪರಂಪರೆಯಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರವು ಬಹಳ ಸರಳವಾದುದು. ‘ಬಯಾಸ್’ ಎಂಬ ಕಿರಿದಾದ ಲಿಪಿಯನ್ನು ಡಿಸ್ಕಿನ ಹೊರಗೆ, ಮದರ್‌ಬೋರ್ಡಿನ ಚಿಪ್ಪಿನಲ್ಲಿ ಮೊದಲೇ ಬರೆದಿಟ್ಟಿರುತ್ತಾರೆ. ಅದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಮಾತ್ರ ಓದಿ, ಕೊನೆಯ ಎರಡು ಬೈಟುಗಳಲ್ಲಿ ಗೊತ್ತಾದ ಮುದ್ರೆಯಿದೆಯೇ ಎಂದು ನೋಡಿ, ಇದ್ದರೆ ಅಧಿಕಾರವನ್ನು ಆ ತುಣುಕಿಗೆ ಒಪ್ಪಿಸಿ ತಾನು ಹಿಂದೆ ಸರಿಯುತ್ತದೆ. ಆ ತುಣುಕಿನಲ್ಲಿ ಆಜ್ಞೆಗಳಿಗಿರುವ ಜಾಗ 446 ಬೈಟುಗಳಷ್ಟೆ. ಆ ಚಿಕ್ಕದು ತನಗಿಂತ ದೊಡ್ಡದನ್ನು ಕರೆಯುತ್ತದೆ. ಅದು ಇನ್ನೂ ದೊಡ್ಡದನ್ನು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಡೀ ಕಾರ್ಯಾಚರಣ ವ್ಯವಸ್ಥೆ ಎದ್ದು ನಿಲ್ಲುತ್ತದೆ.

ಕನ್ನಡ ಪಂಡಿತನಾದ ನನಗೆ ಈ ವಿಚಾರದಲ್ಲಿ ಆಸಕ್ತಿ ಹುಟ್ಟಿದ್ದು ಜಿಜ್ಞಾಸೆಯಿಂದಲ್ಲ, ಅಗತ್ಯದಿಂದ. 2009ರಲ್ಲಿ ಕೊಂಡ ಗಣಕಯಂತ್ರವೊಂದು ನನ್ನ ಮನೆಯಲ್ಲಿದೆ. ಹಳಗನ್ನಡ ಕಾವ್ಯಗಳಿಂದ ಆಯ್ದು, ಅರ್ಥ ಪ್ರಯೋಗಗಳೊಡನೆ ನಾನು ಹನ್ನೆರಡು ವರ್ಷ ಬೆರಳಚ್ಚಿಸಿದ ಶಬ್ದಸಂಗ್ರಹ ಅದರಲ್ಲಿತ್ತು. ಅದರ ತಿರುಗುವ ಹಾರ್ಡ್ ಡಿಸ್ಕು ಮುಪ್ಪಾಗಿ, ಕೆಲವು ಕಡತಗಳನ್ನು ತೆರೆಯುವಾಗ ತಡವರಿಸತೊಡಗಿತು. ಇದನ್ನು ಕೇಳಿದ ಹಳೆಯ ಶಿಷ್ಯನೊಬ್ಬ, ಎನ್‌ವಿಎಂಇ ಎಂಬ ಹೊಸ ಬಗೆಯ ಡಿಸ್ಕನ್ನೂ ಅದನ್ನು ಕೂರಿಸುವ ಪುಟ್ಟ ಕಾರ್ಡನ್ನೂ ಪ್ರೀತಿಯಿಂದ ಕಳುಹಿಸಿಕೊಟ್ಟನು. ಅಂಗಡಿಯವರು ಅದನ್ನು ಜೋಡಿಸಿ ನೋಡಿ, “ಈ ಯಂತ್ರಕ್ಕೆ ಈ ಡಿಸ್ಕು ಕಾಣುವುದೇ ಇಲ್ಲ, ಹಳೆಯದನ್ನು ಗುಜರಿಗೆ ಹಾಕಿ ಹೊಸ ಯಂತ್ರ ಕೊಳ್ಳಿ” ಎಂದು ತೀರ್ಪಿತ್ತರು.

ಕಾಣದಿರುವುದಕ್ಕೆ ಕಾರಣವಿತ್ತು. ಎನ್‌ವಿಎಂಇ ಪದ್ಧತಿಯ ಮೊದಲ ನಿಯಮಾವಳಿ ಪ್ರಕಟವಾದುದು 2011ರಲ್ಲಿ. ನನ್ನ ಯಂತ್ರದ ಬಯಾಸ್ ಅದಕ್ಕೂ ಹಿಂದಿನದು. ಸಾಟಾ ತಂತಿಯ ಡಿಸ್ಕುಗಳನ್ನೂ ಯುಎಸ್‌ಬಿ ಪೆನ್‌ಡ್ರೈವನ್ನೂ ಅದು ಬಲ್ಲದು. ಪಿಸಿಐ ಎಕ್ಸ್‌ಪ್ರೆಸ್ ಗೂಡಿನಲ್ಲಿ ಕುಳಿತ ಈ ಹೊಸಬನನ್ನು ಅರಿಯದು. ಈಚಿನ ಯಂತ್ರಗಳಲ್ಲಿ ಬಯಾಸಿನ ಸ್ಥಾನಕ್ಕೆ ಬಂದಿರುವ ಯುಇಎಫ್‌ಐ ಎಂಬ ವ್ಯವಸ್ಥೆಗೆ ಆ ತಿಳಿವಳಿಕೆಯನ್ನು ಮೊದಲೇ ಕೊಟ್ಟಿರುತ್ತಾರೆ.

ಗಣಕವಿಜ್ಞಾನವನ್ನು ಬೋಧಿಸುವ ಮತ್ತೊಬ್ಬ ಶಿಷ್ಯ ಒಂದು ಭಾನುವಾರ ಮನೆಗೆ ಬಂದನು. ಮೊದಲು ಹಳೆಯ ಡಿಸ್ಕಿನಿಂದ ಶಬ್ದಸಂಗ್ರಹದ ಎರಡು ಪ್ರತಿಗಳನ್ನು ಬೇರೆಡೆಗೆ ತೆಗೆದಿಟ್ಟನು. ಅನಂತರ ಲಿನಕ್ಸ್ ವ್ಯವಸ್ಥೆಯ ಸ್ಥಾಪಕ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದನು. ಅಚ್ಚರಿಯೆಂದರೆ, ಆಗ ಹೊಸ ಡಿಸ್ಕು ಪರದೆಯ ಮೇಲೆ ನಿಚ್ಚಳವಾಗಿ ಕಾಣಿಸಿತು! ಲಿನಕ್ಸಿನ ತಿರುಳಾದ ‘ಕರ್ನೆಲ್’ 2012ರಿಂದಲೇ ಎನ್‌ವಿಎಂಇ ಭಾಷೆಯನ್ನು ಬಲ್ಲುದಂತೆ. ಯಂತ್ರಕ್ಕೆ ಆ ಡಿಸ್ಕನ್ನು ಬಳಸುವ ಶಕ್ತಿ ಇದ್ದೇ ಇತ್ತು; ಅದರಿಂದ ಆರಂಭಿಸುವ ಶಕ್ತಿ ಮಾತ್ರ ಇರಲಿಲ್ಲ. ತೊಡಕು ಇದ್ದುದು ಹೊಸ್ತಿಲಿನಲ್ಲಿ, ಮನೆಯೊಳಗಲ್ಲ.

ಮುಂದಿನ ಕೆಲಸ ಹೊಸ್ತಿಲನ್ನು ಬೇರೆಡೆಗೆ ಸರಿಸುವುದು. ವ್ಯವಸ್ಥೆಯ ಸಮಸ್ತವನ್ನೂ ಹೊಸ ಡಿಸ್ಕಿನಲ್ಲಿ ಸ್ಥಾಪಿಸಿ, ಆರಂಭಕ್ಕೆ ಬೇಕಾದಷ್ಟನ್ನು ಮಾತ್ರ, ಅಂದರೆ ‘ಗ್ರಬ್’ ಎಂಬ ಆರಂಭಕವನ್ನೂ ಕರ್ನೆಲ್ಲನ್ನೂ ಅದರ ಜೊತೆಯ ಪುಟ್ಟ ಗಂಟನ್ನೂ, ಮತ್ತೊಂದು ಪೆನ್‌ಡ್ರೈವಿನಲ್ಲಿ ಇರಿಸಿದನು. ಅದಕ್ಕೆ ಒಂದು ಗಿಗಾಬೈಟಿನಷ್ಟು ಜಾಗವೇ ಸಾಕಾಯಿತು. ಈಗ ಬಯಾಸ್ ತನಗೆ ಪರಿಚಿತವಾದ ಪೆನ್‌ಡ್ರೈವನ್ನು ಓದುತ್ತದೆ. ಅದರಿಂದ ಕರ್ನೆಲ್ ಏಳುತ್ತದೆ. ಕರ್ನೆಲ್ ಹೊಸ ಡಿಸ್ಕನ್ನು ಗುರುತಿಸಿ ಉಳಿದುದನ್ನೆಲ್ಲ ಅದರಿಂದ ನಡೆಸುತ್ತದೆ. ಹಳೆಯ ಬಯಾಸಿಗೆ ಹೊಸದೇನನ್ನೂ ಕಲಿಸಬೇಕಾಗಲಿಲ್ಲ.

ಇದನ್ನು ನೋಡುತ್ತಿದ್ದಾಗ ನನಗೆ ಪಾಠಶಾಲೆಯಲ್ಲಿ ಓದಿದ ಪಾಣಿನೀಯದ ಒಂದು ಪ್ರಕರಣ ನೆನಪಾಯಿತು. ‘ಹಲಂತ್ಯಮ್’ ಎಂಬ ಸೂತ್ರವು ಉಪದೇಶದ ಕೊನೆಯ ವ್ಯಂಜನಕ್ಕೆ ‘ಇತ್’ ಎಂಬ ಸಂಜ್ಞೆಯನ್ನು ಕೊಡುತ್ತದೆ. ಸೂತ್ರದಲ್ಲಿ ವ್ಯಂಜನವನ್ನು ಹೇಳುವ ಮಾತು ‘ಹಲ್’ ಎಂಬ ಪ್ರತ್ಯಾಹಾರ. ಆದರೆ ಪ್ರತ್ಯಾಹಾರವು ಸಿದ್ಧಿಸಬೇಕಾದರೆ ‘ಇತ್’ ಸಂಜ್ಞೆ ಮೊದಲೇ ತಿಳಿದಿರಬೇಕು! ಇಲ್ಲಿಯೂ ಅನ್ಯೋನ್ಯಾಶ್ರಯ. ಸಿದ್ಧಾಂತಕೌಮುದಿಯಲ್ಲಿ ಭಟ್ಟೋಜಿ ದೀಕ್ಷಿತರು ಈ ಸೂತ್ರವನ್ನು ಎರಡು ಬಾರಿ ಓದಿ ಗಂಟನ್ನು ಬಿಡಿಸುತ್ತಾರೆ. ಮೊದಲ ಓದಿನಲ್ಲಿ ‘ಹಲ್’ ಎಂಬ ಮಾಹೇಶ್ವರ ಸೂತ್ರದ ಕೊನೆಯ ಅಕ್ಷರಕ್ಕೆ ಮಾತ್ರ ಸಂಜ್ಞೆ. ಅಷ್ಟರಿಂದ ‘ಹಲ್’ ಪ್ರತ್ಯಾಹಾರ ಸಿದ್ಧಿಸುತ್ತದೆ. ಎರಡನೆಯ ಓದಿನಲ್ಲಿ ಅದೇ ಸೂತ್ರ ಎಲ್ಲ ವ್ಯಂಜನಗಳಿಗೂ ವ್ಯಾಪಿಸುತ್ತದೆ. ಮೊದಲು ಒಂದು ಪುಟ್ಟ ಹಿಡಿ. ಅದನ್ನು ಹಿಡಿದು ಸಮಗ್ರ. ಪೆನ್‌ಡ್ರೈವು ಮಾಡುವ ಕೆಲಸವೂ ಇದೇ ಅಲ್ಲವೆ? ಶಿಷ್ಯನಿಗೆ ಇದನ್ನು ವಿವರಿಸಿದಾಗ ಅವನು ನಕ್ಕು, “ಹಾಗಾದರೆ ನಮ್ಮ ಮೊದಲನೆಯ ಪಾಠ ನಿಮ್ಮಲ್ಲಿಯೇ ಇತ್ತು” ಎಂದನು.

ಈ ಏರ್ಪಾಡಿನಲ್ಲಿ ಎಚ್ಚರಗಳೂ ಉಂಟು. ಕರ್ನೆಲ್ ಪರಿಷ್ಕಾರಗೊಂಡಾಗಲೆಲ್ಲ ಹೊಸ ರೂಪವು ಪೆನ್‌ಡ್ರೈವಿನಲ್ಲಿ ಬರೆಯಲ್ಪಡಬೇಕಾದುದರಿಂದ ಅದನ್ನು ಕಿತ್ತಿಡಬಾರದು. ಅದು ಕೆಟ್ಟರೆ ಯಂತ್ರ ಏಳುವುದಿಲ್ಲ. ಆದುದರಿಂದ ಅದರ ಪ್ರತಿಯೊಂದನ್ನು ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ. ಹೊಸದಾಗಿ ಕೊಳ್ಳುವವರು ಸಾಟಾ ಬಗೆಯ ಡಿಸ್ಕನ್ನೇ ಕೊಂಡರೆ ಇಷ್ಟು ಶ್ರಮವೂ ಬೇಕಿಲ್ಲ. ನನಗೆ ಬಂದುದು ಶಿಷ್ಯನ ಕಾಣಿಕೆ. ಅದು ಪೆಟ್ಟಿಗೆಯಲ್ಲಿ ಕೊಳೆಯಬಾರದೆಂಬುದು ನನ್ನ ಹಟ.

ಶಬ್ದಸಂಗ್ರಹ ಈಗ ಹೊಸ ಡಿಸ್ಕಿನಲ್ಲಿ ಸುರಕ್ಷಿತವಾಗಿದೆ, ಪಕಾರದವರೆಗೆ ಬಂದಿದೆ. ಈ ಸಂಚಿಕೆಯನ್ನು ಓದುವ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಅರಿಕೆ. ತರಗತಿಯಲ್ಲಿ ಮೊದಲ ದಿನ ಏನೂ ತಿಳಿಯದೆ ಕೂರುವ ಹುಡುಗನನ್ನು ನಾವು ಬಹುಬೇಗ ‘ಆಗದವನು’ ಎಂದುಬಿಡುತ್ತೇವೆ. ಅವನಿಗೆ ಶಕ್ತಿಯಿಲ್ಲವೋ ಅಥವಾ ಆರಂಭ ಮಾತ್ರ ದೊರೆತಿಲ್ಲವೋ ಎಂಬುದನ್ನು ವಿವೇಚಿಸಬೇಕು. ಅವನು ಈಗಾಗಲೇ ಬಲ್ಲ ಮಾತಿನಲ್ಲಿ ಮೊದಲ ಪಾಠವನ್ನು ಬರೆದುಕೊಡುವ ಹೊಣೆ ನಮ್ಮದು. ಇಷ್ಟನ್ನು ಸಹೃದಯರ ಮುಂದೆ ನಿವೇದಿಸಿ ವಿರಮಿಸುತ್ತೇನೆ.