ಮೂವತ್ತೈದು ಡಿಗ್ರಿ ದಾಟಿದ ಮೇಲೆ

ಕಲಬುರಗಿಯ ಬಿಸಿಲು ಮರ್ಯಾದಸ್ಥ ಬಿಸಿಲು. ಬೇವಿನ ಮರದ ಕೆಳಗೆ ಹೋಗಿ ನಿಂತರೆ ಹಿಂದೆಯೇ ಬರುವುದಿಲ್ಲ. ಟೋಕಿಯೋದ್ದು ಹಾಗಲ್ಲ. ಜುಲೈ ನಡುವಿಗೆ ‘ತ್ಸುಯು’ ಮಳೆ ಮುಗಿಯಿತೆಂದರೆ, ಸಮುದ್ರದ ತೇವ ಹೊತ್ತ ಸೆಖೆ ನೆರಳಿಗೂ ಬರುತ್ತದೆ, ರಾತ್ರಿ ಹಾಸಿಗೆಗೂ ಬರುತ್ತದೆ.

ನಾನು ಇಲ್ಲಿಗೆ ಬಂದ 2007ರದು ದಾಖಲೆಯ ಬೇಸಿಗೆ. 1933ರ ಜುಲೈ 25ರಂದು ಯಾಮಾಗಾತಾದಲ್ಲಿ ದಾಖಲಾಗಿದ್ದ 40.8 ಡಿಗ್ರಿ 74 ವರ್ಷ ಅಲುಗಾಡಿರಲಿಲ್ಲ. ಆ ಆಗಸ್ಟ್ 16ರಂದು ಕುಮಾಗಾಯಾ, ತಾಜಿಮಿ ಎರಡೂ ಊರು 40.9 ಮುಟ್ಟಿದವು. 35 ದಾಟಿದ ದಿನಕ್ಕೆ ‘ಮೋಶೋಬಿ’ ಎಂಬ ಹೆಸರನ್ನು ಹವಾಮಾನ ಇಲಾಖೆ ಬಳಕೆಗೆ ತಂದದ್ದೂ ಆ ವರ್ಷವೇ. ನನ್ನ ಮನೆ ನಿಶಿ-ಕಸಾಯ್‌ನಲ್ಲಿತ್ತು, ಭಾರತದ ಸಾಫ್ಟ್‌ವೇರ್ ಮಂದಿ ಗುಂಪಾಗಿ ನೆಲೆಸಿದ್ದ ಬಡಾವಣೆ. ಅಲ್ಲಿಂದ ತೋಜಾಯ್ ಮೆಟ್ರೊದಲ್ಲಿ ನಾಲ್ಕನೇ ಸ್ಟೇಷನ್ನು ಮೊನ್ಜೆನ್-ನಾಕಾಚೋ. ಅಲ್ಲಿನ ತೊಮಿಯೋಕಾ ಹಾಚಿಮಾನ್ ದೇಗುಲದ ಹಿಂದಿನ ಗಲ್ಲಿಯಲ್ಲಿ ಒಬ್ಬ ಅಜ್ಜಿ ಕಾಕಿಗೋರಿ ಮಾರುತ್ತಿದ್ದರು.

ಕಾಕಿಗೋರಿ ಎಂದರೆ ತುರಿದ ಐಸಿನ ಮೇಲೆ ಬಣ್ಣದ ಪಾಕ. ಸ್ಟ್ರಾಬೆರಿ, ಮೆಲನ್, ನಿಂಬೆ ಎಂದೆಲ್ಲ ಹೆಸರಿದ್ದರೂ ಬಣ್ಣ, ಪರಿಮಳ ಮಾತ್ರ ಬೇರೆ. ನಾಲಿಗೆಗೆ ಎಲ್ಲವೂ ಸಕ್ಕರೆ ನೀರೇ. ಆ ಅಂಗಡಿಗೆ ಫಲಕವಿರಲಿಲ್ಲ. ನೀಲಿ ಅಲೆಗಳ ಮೇಲೆ ಕೆಂಪಕ್ಷರ ಬರೆದ ಐಸಿನ ಬಾವುಟವೊಂದು ಬಾಗಿಲಿಗೆ ನೇತಾಡಿದರೆ ಬೇಸಿಗೆ ಶುರುವಾಯಿತೆಂದು ಗಲ್ಲಿಗೆಲ್ಲ ಗೊತ್ತಾಗುತ್ತಿತ್ತು. ಒಂದು ಬಟ್ಟಲಿಗೆ 200 ಯೆನ್.

ಅಜ್ಜಿಯ ಯಂತ್ರ ಎರಕದ ಕಬ್ಬಿಣದ್ದು, ಕೈಯಲ್ಲಿ ತಿರುಗಿಸುವ ಚಕ್ರದ್ದು. ಗಡ್ಡೆಯನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಅವರು ತುರಿಯುತ್ತಿರಲಿಲ್ಲ. ಮರದ ಹಲಗೆಯ ಮೇಲೆ ಇಟ್ಟು ಕಾಯುವರು. ಐಸಿನ ಮೇಲಿನ ಬಿಳಿ ಪೊರೆ ಹೋಗಿ, ಗಾಜಿನಂತಾಗಿ, ಮೈಯೆಲ್ಲ ಬೆವರಿದ ಮೇಲೆಯೇ ಅಲಗಿಗೆ ಕೊಡುವುದು. ಅವಸರ ಮಾಡಿದರೆ ಉಪ್ಪಿನ ಹರಳಿನ ಹಾಗೆ ಉದುರುತ್ತದೆ. ಬೆವರಿದ್ದು ಎಳೆಎಳೆಯಾಗಿ ಇಳಿಯುತ್ತದೆ, ತಿಂದರೆ ತಲೆ ಜುಂ ಎನ್ನುವುದಿಲ್ಲ. ಮಕ್ಕಳು ನಾಣ್ಯ ಹಿಡಿದು ಕಾಯುತ್ತಿದ್ದರು, ಅಜ್ಜಿ ಐಸು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಅವರದೊಂದು ವ್ಯಾಪಾರದ ಲೆಕ್ಕವಿತ್ತು. “25 ದಾಟಿದರೆ ಐಸ್‌ಕ್ರೀಮು ಓಡುತ್ತೆ ಅಣ್ಣಾ, 30 ದಾಟಿದರೆ ನನ್ನ ಐಸು.” 35 ದಾಟಿದರೆ ಎಂದು ಕೇಳಿದ್ದಕ್ಕೆ, “ಅಂಥ ದಿನ ಎಷ್ಟು ಬಂದಾವು?” ಎಂದರು.

2011ರ ಬೇಸಿಗೆಯನ್ನು ಮರೆಯಲಾರೆ. ಮಾರ್ಚ್‌ನ ಭೂಕಂಪ, ಸುನಾಮಿಯ ನಂತರ ಫುಕುಶಿಮಾ ಸ್ಥಾವರ ನಿಂತು ಕರೆಂಟಿಗೆ ಬರ ಬಂತು. ದೊಡ್ಡ ಬಳಕೆದಾರರು ಶೇ. 15 ಕಡಿಮೆ ಮಾಡಲೇಬೇಕೆಂದು ಸರ್ಕಾರ ಆದೇಶಿಸಿತು. ಎಸ್ಕಲೇಟರ್ ನಿಂತವು, ದೀಪ ಮಂಕಾದವು, ಏಸಿ 28ಕ್ಕೆ. ಊರಿಗೆ ಊರೇ ಹಳೆಯ ಉಪಾಯಗಳಿಗೆ ಮರಳಿತು. ಕಿಟಕಿಗೆ ಜೊಂಡಿನ ತಟ್ಟಿ, ಸೂರಿಗೆ ‘ಫೂರಿನ್’ ಗಾಜಿನ ಗಂಟೆ, ಸಂಜೆ ಬೀದಿಗೆ ನೀರು ಚಿಮುಕಿಸುವ ‘ಉಚಿಮಿಜು’. ನಮಗೆ ಸೋಜಿಗವಾದದ್ದು ಹಾಗಲಬಳ್ಳಿ. ಬಲೆ ಕಟ್ಟಿ ಹಬ್ಬಿಸಿ ಹಸಿರು ಪರದೆ ಮಾಡಿಕೊಂಡರು. ನೆರಳಿಗೆಂದು ಬೆಳೆಸಿದ ಬಳ್ಳಿ ಕಾಯಿ ಬಿಡದೆ ಇರುತ್ತದೆಯೇ? ಒಕಿನಾವಾದವರ ಹಾಗೆ ತೋಫು ಜೊತೆ ಹುರಿದು ತಿಂದು ಬೇಸತ್ತವರು ಉಳಿದದ್ದನ್ನು ನಮ್ಮ ಬಾಗಿಲಿಗೆ ತಂದರು. ಮನೆಯಲ್ಲಿ ಹುಣಸೆಹಣ್ಣು, ಬೆಲ್ಲ ಹಾಕಿ ಮಾಡಿದ ಪಲ್ಯ ಡಬ್ಬಿಯಲ್ಲಿ ಹಿಂದಿರುಗಿತು.

ಅಜ್ಜಿಗೆ ಆ ವರ್ಷ ಕೈತುಂಬ ವ್ಯಾಪಾರ. ಕಾರಣ ಸೆಖೆಯಲ್ಲ; ಏಸಿ ಆರಿಸಿದ ಜನ ಬೀದಿಗೆ ಬಂದು ಕೂತಿದ್ದರು. ಮೂರು ವರ್ಷಕ್ಕೊಮ್ಮೆ ನಡೆಯುವ ಹಾಚಿಮಾನ್ ಜಾತ್ರೆ ಭೂಕಂಪದಿಂದಾಗಿ 2012ಕ್ಕೆ ಹೋಗಿತ್ತು. ಅದು ನಡೆದಾಗ ಐವತ್ತಕ್ಕೂ ಹೆಚ್ಚು ‘ಮಿಕೋಶಿ’ ಪಲ್ಲಕ್ಕಿಗಳು, ಹೊತ್ತವರ ಮೇಲೆ ಬಕೆಟ್ಟಿನಿಂದ, ಪೈಪಿನಿಂದ ನೀರೋ ನೀರು. ತೊಯ್ದು ತೊಪ್ಪೆಯಾದ ಗಂಡಸರು ಅಂಗಡಿ ಮುಂದೆ ನಿಂತು ಐಸು ತಿಂದರು. ಅಜ್ಜಿ ಅಂದು ಮಾತ್ರ ಬೆವರಲು ಬಿಡದೆ ತುರಿದರು.

2018ರಲ್ಲಿ ಮಾತು ತಿರುಗಿತು. ಜುಲೈ 23ರಂದು ಕುಮಾಗಾಯಾ 41.1 ತಲುಪಿತು. ಅದೇ ತಿಂಗಳು ತೊಯೋತಾ ನಗರದಲ್ಲಿ ಒಂದನೇ ಕ್ಲಾಸಿನ ಹುಡುಗ ಬಿಸಿಲ ಬೇಗೆಗೆ ತೀರಿಕೊಂಡ. ಆವರೆಗೆ ಸರ್ಕಾರಿ ಪ್ರಾಥಮಿಕ, ಮಾಧ್ಯಮಿಕ ಶಾಲೆಗಳ ಅರ್ಧದಷ್ಟು ಕೋಣೆಗಳಿಗೆ ಏಸಿ ಇರಲಿಲ್ಲ. ಎರಡೇ ವರ್ಷದಲ್ಲಿ ಹತ್ತರಲ್ಲಿ ಒಂಬತ್ತಕ್ಕೆ ಬಂತು. ಏಸಿ ತಗ್ಗಿಸಿ ಎನ್ನುತ್ತಿದ್ದ ಬಾಯಿಗಳೇ ಈಗ ಹಿಂಜರಿಯದೆ ಹಾಕಿಕೊಳ್ಳಿ, ಹೊರಗೆ ಹೋಗಬೇಡಿ ಎನ್ನತೊಡಗಿದವು. ಗಲ್ಲಿಯಲ್ಲಿ ಮಕ್ಕಳೇ ಕಾಣಲಿಲ್ಲ. ನಾನು ಮರೆತಿದ್ದ ಪ್ರಶ್ನೆಗೆ ಅಜ್ಜಿ ತಾವಾಗಿ ಉತ್ತರ ಕೊಟ್ಟರು: “35 ದಾಟಿದರೆ ಯಾರೂ ಬರೋದಿಲ್ಲ.” 2020ರಲ್ಲಿ ಕೊರೊನಾಕ್ಕೆ ಜಾತ್ರೆ ನಿಂತಾಗ ಬಾವುಟ ಮಡಿಸಿದವರು ಮತ್ತೆ ಬಿಚ್ಚಲಿಲ್ಲ.

ಆದರೆ ಐಸು ಸತ್ತಿಲ್ಲ, ಅಂತಸ್ತು ಬದಲಿಸಿದೆ. ಕುಮಾಗಾಯಾದಿಂದ ಚಿಚಿಬು ರೈಲು ಹಿಡಿದರೆ ನಾಗಾತೊರೊ ಸಿಗುತ್ತದೆ. ಅಲ್ಲಿ ಅಸಾಮಿ ರೇಜೋ ಎಂಬ ಮನೆತನದ ಅಂಗಡಿ 1890ರಿಂದ ಐಸು ಬೆಳೆಯುತ್ತಿದೆ. ಹೌದು, ಬೆಳೆಯುವುದೇ. ಚಳಿಗಾಲದಲ್ಲಿ ಬೆಟ್ಟದ ನೀರನ್ನು ಕೊಳಕ್ಕೆ ಹಾಯಿಸಿ, ಎಲೆ, ಹಿಮ ಗುಡಿಸುತ್ತ ಕಾಯಬೇಕು. ಒಳ್ಳೆಯ ಚಳಿಯಿದ್ದರೆ ರಾತ್ರಿಗೆ ಒಂದು ಸೆಂಟಿಮೀಟರ್ ಆಸುಪಾಸು. 15 ಸೆಂಟಿಮೀಟರಾದರೆ ಕೊಯ್ಲು. ನಡುವೆ ಮಳೆ ಬಂದರೆ ಒಡೆದು ಮತ್ತೆ ಮೊದಲಿನಿಂದ. ನಿಕ್ಕೋ ಕಡೆಯವರು ಇಂದಿಗೂ ಮರದ ಹೊಟ್ಟಿನಲ್ಲಿ ಹೂತು ಬೇಸಿಗೆಯವರೆಗೆ ಕಾಯುತ್ತಾರೆ. ಚಳಿ ಸಡಿಲವಾದಷ್ಟೂ ಈ ಬೆಳೆ ಜೂಜಾಗುತ್ತಿದೆ, ಬಟ್ಟಲಿನ ಬೆಲೆ ಏರುತ್ತಿದೆ. ಸಾವಿರ ವರ್ಷದ ಹಿಂದೆ ಲೇಖಕಿ ಸೇಯ್ ಶೋನಾಗೊನ್ ತನ್ನ ‘ಮಾಕುರಾ ನೋ ಸೋಶಿ’ಯಲ್ಲಿ ತುರಿದ ಐಸನ್ನು ಸೊಗಸಿನ ವಸ್ತುಗಳ ಸಾಲಿಗೆ ಸೇರಿಸಿದ್ದಳು, ಆಗ ಅದು ಅರಮನೆಯವರ ಭಾಗ್ಯ. ನಡುವೆ ಕೆಲಕಾಲ ಗಲ್ಲಿ ಮಕ್ಕಳ ಕೈಗೆ ಬಂದಿತ್ತು ಅಷ್ಟೆ.

ಬೇಸಿಗೆಯ ಸಡಗರವೇ ಈಗ ಬೇಸಿಗೆಗೆ ಹೆದರುತ್ತದೆ. ಅದಾಚಿಯ ಪಟಾಕಿ ಉತ್ಸವವನ್ನು 2025ರಲ್ಲಿ ಜುಲೈಯಿಂದ ಮೇ ಕೊನೆಗೆ ಸರಿಸಿದರು. ಪಾಪ, ಅಂದು ಹವಾಮಾನ ಕೆಟ್ಟು ಅದೂ ರದ್ದಾಯಿತು. ಆ ಆಗಸ್ಟ್ 5ರಂದು ಇಸೆಸಾಕಿಯಲ್ಲಿ 41.8.

ಆ ಸೆಪ್ಟೆಂಬರ್‌ನಲ್ಲಿ ಅಜ್ಜಿಯನ್ನು ಯಾನಾಕಾದ ಒಂದು ಕಾಕಿಗೋರಿ ಅಂಗಡಿಗೆ ಕರೆದೊಯ್ದೆ. ನಿಕ್ಕೋದ ಐಸು, ಹಣ್ಣು ಅರೆದು ಮಾಡಿದ ಪಾಕ, ಮುಂಗಡ ಟೋಕನ್. ಏಸಿ ಎಷ್ಟು ತಂಪೆಂದರೆ ಐಸಿನ ಜೊತೆ ಬಿಸಿ ಚಹಾ ಕೊಡುತ್ತಾರೆ. ಬೆಲೆ 1,800 ಯೆನ್. “ಇಷ್ಟಕ್ಕೆ ಒಂಬತ್ತು ಮಕ್ಕಳಿಗೆ ಕೊಡ್ತಿದ್ದೆ” ಎಂದು ಗೊಣಗುತ್ತಲೇ ತಿಂದರು, ತಳದವರೆಗೆ. ಆಮೇಲೆ ತುರಿಯುತ್ತಿದ್ದ ಹುಡುಗನನ್ನು ಕರೆದು, ಗಡ್ಡೆಯನ್ನು ಎಷ್ಟು ಹೊತ್ತು ಹೊರಗಿಡುತ್ತೀಯ ಎಂದು ಕೇಳಿದರು. ಅವನು ಕೈ ನಿಲ್ಲಿಸಿ ಹೇಳತೊಡಗಿದ, ಇವರು ತಿದ್ದತೊಡಗಿದರು. ಹಿಂದಿನ ಟೋಕನ್‌ನವರು ಬಾಗಿಲಲ್ಲಿ ಕೆಮ್ಮಿದ ಮೇಲೆ ಎದ್ದೆವು.