ಲಿವರಿಗಷ್ಟೇ ಮುಟ್ಟಬೇಕಾದ ಹಾರ್ಮೋನು

ಮಣಿಪಾಲ. ಸ್ಕ್ಯಾನಿಂಗ್ ಮುಗಿಸಿ ಬಂದವರ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 1’. ಕುಡಿಯದವರು, ತೆಳ್ಳಗಿರುವವರು ಕೂಡ ಇದ್ದಾರೆ. ಕೆಲವರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗುವವರು. ಎರಡಕ್ಕೂ ನಂಟಿದೆಯೆ?

ಇದೆ. ಲಿವರಿನಲ್ಲಿ ಕೊಬ್ಬು ಉರಿಯುವುದಕ್ಕೂ ರಕ್ತದ ಎಲ್‌ಡಿಎಲ್ ಕೊಲೆಸ್ಟ್ರಾಲ್ ಇಳಿಯುವುದಕ್ಕೂ ಥೈರಾಯ್ಡ್ ಹಾರ್ಮೋನು ಬೇಕು. ಅದು ಕಡಿಮೆಯಾದರೆ ಎರಡೂ ಮಂದವಾಗುತ್ತವೆ.

ಕಾರ್ಕಳದ ಅಕ್ಕ ಒಬ್ಬರು ಕೇಳಿದ್ದು: “ಹಾಗಾದ್ರೆ ಮಾತ್ರೆ ಒಂದು ಜಾಸ್ತಿ ತೆಗೊಂಡ್ರೆ ಲಿವರ್ ಸರಿ ಆಗ್ತದಾ?” ಆಗುವುದಿಲ್ಲ ಅಕ್ಕ, ಎದೆ ಹೊಡೆದುಕೊಳ್ಳುತ್ತದೆ, ಮೂಳೆ ಸವೆಯುತ್ತದೆ. ಹೃದ್ರೋಗಿಗಳ ಕೊಲೆಸ್ಟ್ರಾಲ್ ಇಳಿಸಲೆಂದು ಅಮೆರಿಕದಲ್ಲಿ ಥೈರಾಯ್ಡ್ ಹಾರ್ಮೋನಿನದೇ ಒಂದು ರೂಪವಾದ ಡೆಕ್ಸ್‌ಟ್ರೋಥೈರಾಕ್ಸಿನ್ ಕೊಟ್ಟಾಗ ಸಾವುಗಳು ಹೆಚ್ಚಿದವು. 1970ರ ದಶಕದ ಆರಂಭದಲ್ಲೇ ಅದನ್ನು ನಿಲ್ಲಿಸಿದರು.

ಥೈರಾಯ್ಡ್ ಹಾರ್ಮೋನಾದ ಟಿ4ರಲ್ಲಿ ನಾಲ್ಕು ಅಯೋಡಿನ್ ಪರಮಾಣು. ಒಂದು ಕಳಚಿದರೆ ಟಿ3, ಇನ್ನೊಂದೂ ಹೋದರೆ ಟಿ2. ಕೊಬ್ಬಿನ ಆಹಾರ ತಿನ್ನುತ್ತಿದ್ದ ಇಲಿಗಳಿಗೆ ಇಟಲಿಯ ವಿಜ್ಞಾನಿಗಳು ಟಿ2ರ ಒಂದು ಬಗೆಯನ್ನು ಕೊಟ್ಟಾಗ ಲಿವರಿನಲ್ಲಿ ಕೊಬ್ಬು ಕೂಡಲಿಲ್ಲ. ಈ ಸುದ್ದಿ ಬಂದದ್ದು 2005ರಲ್ಲಿ. ಮುಂದೆ ಬೇರೆಯವರು ಹೆಚ್ಚಿನ ಪ್ರಮಾಣ ಕೊಟ್ಟ ಇಲಿಗಳಲ್ಲಿ ಹೃದಯ ದಪ್ಪಗಾಯಿತು. ಅದೇ ಟಿ2 ಈಗ ಕೊಬ್ಬು ಕರಗಿಸುವ ಗುಳಿಗೆಯಾಗಿ ಆನ್‌ಲೈನಿನಲ್ಲಿ ಮಾರಾಟಕ್ಕಿದೆ! ಜಿಮ್ಮಿಗೆ ಹೋಗುವ ಮಕ್ಕಳ ಬಗ್ಗೆ ನನಗೆ ನಿಜಕ್ಕೂ ಭಯ.

ಕರಾವಳಿಯ ಕಾಪು. ಪ್ರಯೋಗದ ಇಲಿಗೆ ಹೆಚ್ಚಾಗಿ ಹಂದಿಕೊಬ್ಬು. ಇಲ್ಲಿನ ಊಟದಲ್ಲಿ ತೆಂಗಿನೆಣ್ಣೆ: ಅದರಲ್ಲಿ ಶೇ. 90ರಷ್ಟು ಪರ್ಯಾಪ್ತ ಕೊಬ್ಬು, ಸುಮಾರು ಅರ್ಧ ಲಾರಿಕ್ ಆಮ್ಲ. ಪಕ್ಕದಲ್ಲಿ ಒಮೇಗಾ 3 ತುಂಬಿದ ಬೂತಾಯಿ ಮೀನು. ನಡುವೆ ಕುಚ್ಚಲಕ್ಕಿ ಅನ್ನದ ರಾಶಿ. ಮಿಕ್ಕ ಪಿಷ್ಟವನ್ನೂ ಲಿವರು ಕೊಬ್ಬಾಗಿಸುತ್ತದೆ. ಇಲಿಯ ಲೆಕ್ಕವನ್ನು ಈ ಬಟ್ಟಲಿಗೆ ಹೇಗೆ ಹೊಂದಿಸುವುದು?

ಹಾಗಾದರೆ ಹೃದಯವನ್ನು ಬಿಟ್ಟು ಲಿವರನ್ನಷ್ಟೇ ಮುಟ್ಟುವುದು ಹೇಗೆ? ಲಿವರಿನಲ್ಲಿ ಹಾರ್ಮೋನಿನ ಬೀಟಾ ಗ್ರಾಹಿಗಳು ಹೆಚ್ಚು, ಹೃದಯದಲ್ಲಿ ಆಲ್ಫಾ. ಬೀಟಾವನ್ನೇ ಹುಡುಕಿ ಹೋಗುವಂತೆ ಕಟ್ಟಿದ ಅಣು ರೆಸ್ಮೆಟಿರೋಮ್. ಹಾರ್ಮೋನನ್ನೇ ಹೋಲುವ ಇದರಲ್ಲಿ ಅಯೋಡಿನ್ನೇ ಇಲ್ಲ! 2024ರ ಮಾರ್ಚಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ಲಿವರಿನಲ್ಲಿ ಗಾಯದ ನಾರು ಬೆಳೆದವರಿಗೆ ಮಾತ್ರ, ಪಥ್ಯ ಮತ್ತು ವ್ಯಾಯಾಮದ ಜೊತೆಗೆ. ಗ್ರೇಡ್ 1 ಎಂದು ಬರೆಸಿಕೊಂಡು ಬಂದವರಿಗಲ್ಲ.

ಈ ಮದ್ದಿನ 966 ಜನರ ಪರೀಕ್ಷೆಯಲ್ಲಿ, 52 ವಾರಗಳ ಬಳಿಕ, 100 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶೇ. 29.9 ಮಂದಿಗೆ ಲಿವರಿನ ಉರಿಯೂತ ಶಮನವಾಯಿತು. ಹುಸಿಮಾತ್ರೆಯವರಲ್ಲಿ ಶೇ. 9.7. ದೊಡ್ಡ ಗೆಲುವೇ. ಆದರೆ ಮದ್ದು ಸರಿಯಾದ ಬಾಗಿಲನ್ನೇ ತಟ್ಟಿದರೂ ನೂರರಲ್ಲಿ ಉಳಿದ ಎಪ್ಪತ್ತು ಮಂದಿಯಲ್ಲಿ ಅದು ಯಾಕೆ ತೆರೆಯಲಿಲ್ಲ? ಕರಾವಳಿಯ ತೆಳ್ಳಗಿನವರ ಲಿವರು ಎಷ್ಟು ತೆರೆದೀತು?